ದೂರಿನ ಲಿಸ್ಟ್

"ಇಷ್ಟೊಂದು ಮೇಲಿಂಗ್ ಲಿಸ್ಟ್ ಯಾಕಮ್ಮ ನಮಗೆ? ಮೂರು ಸಾಕು," ಎಂದರು ವಿಡಿಯೊ ಸಭೆಯ ಪರದೆಯ ಮೇಲಿನ ಅಣ್ಣ. "ದೂರಿನ ಲಿಸ್ಟನ್ನೂ ಆಡಳಿತದ್ದಕ್ಕೆ ಸೇರಿಸಿಬಿಡು. ಹಳೇ ಪತ್ರಗಳೂ ಜೊತೆಗೇ ಬರಲಿ."

ಅವಳ ಬೆರಳು ಕೀಲಿಮಣೆಯ ಮೇಲೆ ನಿಂತುಬಿಟ್ಟಿತು.

ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ ಆ ಮುಕ್ತ ತಂತ್ರಾಂಶವನ್ನು ಮೊದಲು ಬರೆದವರು ಅಣ್ಣ; ಅದರ ಸುತ್ತ ಬೆಳೆದದ್ದೇ ಈ ಬಳಗ. ಬಳಗದಲ್ಲಿ ಅವರಿಗಿಂತ ಹಿರಿಯರಿಗೂ ಅವರು ಅಣ್ಣನೇ. ಅವಳು ಬ್ಯಾಂಕಿನ ಕೆಲಸ ಮುಗಿಸಿ ಬಂದು ಬಳಗದ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದಳು. "ಬಿಟ್ಟಿ ಚಾಕರಿ," ಎಂದು ಗಂಡ ಅಣಕಿಸುತ್ತಿದ್ದ. ಒಂದೊಂದು ವಿಷಯಕ್ಕೆ ಒಂದೊಂದು ಲಿಸ್ಟ್; ಅದಕ್ಕೆ ಬರೆದ ಇಮೇಲ್ ಆ ಲಿಸ್ಟಿನವರಿಗೆಲ್ಲ ಹೋಗುತ್ತಿತ್ತು. ಯಾರೂ ಬರೆಯದ ಲಿಸ್ಟುಗಳನ್ನು ಗುಡಿಸಿಹಾಕೋಣ ಎಂದು ಮೊದಲು ಹೇಳಿದವಳೂ ಅವಳೇ. ಆದರೆ ದೂರಿನದು ಬೇರೆ. ಅದನ್ನು ಓದುತ್ತಿದ್ದವರು ಅವಳು ಮತ್ತು ಬಳಗದ ನಿವೃತ್ತ ಮೇಷ್ಟ್ರು, ಇಬ್ಬರೇ; ಆಡಳಿತದ್ದನ್ನು ಅಣ್ಣನೂ ಓದುತ್ತಿದ್ದರು. ಈಚೆಗೆ ದೂರಿನ ಲಿಸ್ಟಿಗೆ ಬಳಗದ ಒಬ್ಬ ಅನುವಾದಕಿ ಬರೆದಿದ್ದಳು. ಸಮ್ಮೇಳನದ ಹೋಟೆಲಿನಲ್ಲಿ ಅಣ್ಣ ರಾತ್ರಿ ಈ ಅನುವಾದಕಿಯ ಕೋಣೆಯ ಬಾಗಿಲು ತಟ್ಟಿದ್ದು, ತೆಗೆಯದಿದ್ದಾಗ ಬೆಳಗಾಗುವವರೆಗೂ ಹೊರಗೇ ಕೂತಿದ್ದು. ಪತ್ರದ ಕೊನೆಯಲ್ಲಿ, "ನಾನು ದೂರು ಕೊಟ್ಟೆ ಅಂತ ಅವರಿಗೆ ತಿಳಿಯಬಾರದು. ನನ್ನ ಮನೆ ಅವರಿಗೆ ಗೊತ್ತು."

"ಹಳೇ ಪತ್ರ ತರೋಕಾಗಲ್ಲ ಅಣ್ಣ. ನಮ್ಮನ್ನ ನಂಬಿ ಬರೆದದ್ದು ಅವು," ಎಂದಳು ಅವಳು.

"ನಮ್ಮನೇಲಿ ನಮಗೇ ಬೀಗವಾ?" ಅಣ್ಣ ನಕ್ಕರು. ಉಳಿದವರೂ ನಕ್ಕರು. "ಮೇಷ್ಟ್ರೇ, ನೀವೇನಂತೀರಿ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. "ದೊಡ್ಡೋರು ಹೇಳಿದ ಮೇಲೆ ಆಯ್ತಲ್ಲ."

"ಇವತ್ತೇ ಮುಗಿಸಿಬಿಡು ತಂಗಿ," ಎಂದು ಅಣ್ಣ ಎದ್ದರು.

ಅವಳು ಅನುವಾದಕಿಗೆ ಫೋನ್ ಮಾಡಿ ನಡೆದದ್ದು ಹೇಳಿದಳು.

"ಅಳಿಸಿಬಿಡಿ ಅಕ್ಕ."

"ಅಳಿಸಿದ್ರೆ ನಿನ್ನ ಮಾತಿಗೆ ಸಾಕ್ಷಿನೇ ಇರಲ್ಲ ಕಣೇ."

"ಹಾಗಾದ್ರೆ ಒಂದು ಪ್ರತಿ ನಂಗೆ ಕಳಿಸಿ. ಆಮೇಲೆ ಅಳಿಸಿ."

ಹಾಗೇ ಮಾಡಿದಳು. ಉಳಿದ ಲಿಸ್ಟುಗಳನ್ನು ಅಣ್ಣ ಹೇಳಿದಂತೆ ಮೂರಕ್ಕಿಳಿಸಿ, ದೂರಿನ ಪತ್ರಗಳನ್ನು ತಾನೇ ಅಳಿಸಿದೆನೆಂದು ಎಲ್ಲರಿಗೂ ಬರೆದಳು. ಎದೆ ಹಗುರವಾಯಿತು. ಸ್ವಲ್ಪ ಹೊತ್ತಿಗೆ ಬಳಗದ ಲಿಸ್ಟುಗಳಿಗೆ ಅವಳ ಪಾಸ್‌ವರ್ಡ್ ನಡೆಯದಾಯಿತು. ಆಮೇಲೆ ಅಣ್ಣನ ಒಂದೇ ಸಾಲು ಬಂತು: "ಚಿಂತೆ ಬೇಡ ತಂಗಿ, ಕೂತು ಮಾತಾಡೋಣ."

ಭಾನುವಾರ ತರಕಾರಿ ಚೀಲ ಹಿಡಿದು ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಸಂಭ್ರಮದಿಂದ ನಿಂತಿದ್ದರು. "ನಿಮ್ಮ ಬಳಗದ ದೊಡ್ಡೋರು ಬಂದಿದಾರೆ ನೋಡು. ಪಾಪ, ಮನೆ ಹುಡುಕ್ಕೊಂಡು ಬಂದಿದಾರೆ."

ಗಂಡನ ಕುರ್ಚಿಯಲ್ಲಿ ಅಣ್ಣ ಕೂತಿದ್ದರು. ಎದುರಿಗೆ ಅವಳ ಮಗಳು ನೆಲದ ಮೇಲೆ ಬಣ್ಣದ ಪೆನ್ಸಿಲುಗಳನ್ನು ಹರವಿಕೊಂಡಿದ್ದಳು.

"ವಿಳಾಸ ಮೇಷ್ಟ್ರು ಕೊಟ್ರು," ಎಂದರು ಅಣ್ಣ, ಮೆತ್ತಗೆ. "ಅಳಿಸೋ ಮುಂಚೆ ಪ್ರತಿ ಇಟ್ಕೊಂಡಿರ್ತೀಯ. ನೀನು ಜಾಣೆ."

"ನನ್ನ ಹತ್ರ ಇಲ್ಲ."

"ನಿನ್ನ ಹತ್ರ ಇಲ್ಲ," ಎಂದು ಅವರು ಆ ಮಾತನ್ನೇ ನಿಧಾನವಾಗಿ ಮತ್ತೆ ಹೇಳಿದರು. "ಮತ್ತೆ ಯಾರ ಹತ್ರ?"

ಅವಳು ತರಕಾರಿ ಚೀಲವನ್ನು ಬಾಗಿಲ ಬದಿಗೆ ಇಟ್ಟಳು. ಅಡುಗೆಮನೆಯಿಂದ ಅತ್ತೆ ಕೂಗಿದರು, "ಊಟ ಮಾಡ್ಕೊಂಡೇ ಹೋಗ್ಬೇಕು ನೀವು."

"ಆಗಲಿ ಅಮ್ಮ. ನನಗೇನೂ ಅವಸರ ಇಲ್ಲ."

ಮಗಳು ಹೊಸ ಹಾಳೆ ತೆಗೆದು ಅವರ ಮುಖ ಬರೆಯಲು ಕೂತಳು. "ಅಲ್ಲಾಡ್ಬೇಡಿ ಮಾವ," ಎಂದಳು. ಅಣ್ಣ ಗಲ್ಲ ಎತ್ತಿ, ಕೈಗಳನ್ನು ಮಂಡಿಯ ಮೇಲಿಟ್ಟು, ಅಲುಗದೆ ಕೂತರು. ಕಣ್ಣುಗಳು ಮಾತ್ರ ಮೆಲ್ಲಗೆ ಅವಳ ತಾಯಿಯತ್ತ ಹೊರಳಿದವು.