ಬಾಲಂಗೋಚಿಯ ಹಿಂದೆ ಯಾರೂ ಇಲ್ಲ

ನಮ್ಮ ಭಾನುವಾರದ ನಡಿಗೆ ಗುಂಪಿಗೆ ಇರುವುದು ಒಂದೇ ಕಾನೂನು. ಎಲ್ಲರಿಗಿಂತ ಹಿಂದೆ ನಡೆಯುವವನು ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಳ್ಳಬೇಕು. ಅವನಿಗೆ ಬಾಲಂಗೋಚಿ ಎಂದು ಹೆಸರು. ಆಕಾಶವೇ ಕಳಚಿ ಬಿದ್ದರೂ ಅವನು ಯಾರನ್ನೂ ಹಿಂದೆ ಬಿಟ್ಟು ಮುಂದೆ ಹೋಗುವಂತಿಲ್ಲ. ಹಾಗಾಗಿ ನಮ್ಮ ಮುಂದಾಳು ಡ್ರಿಲ್ ಮೇಷ್ಟ್ರು ತಲೆ ಎಣಿಸುವ ಗೋಜಿಗೇ ಹೋಗುವುದಿಲ್ಲ. ಕಿತ್ತಳೆ ಕಂಡಿತೆಂದರೆ ಎಲ್ಲರೂ ಬಂದ ಹಾಗೆ.

ಆ ಭಾನುವಾರ ಜಾಕೆಟ್ ನನ್ನ ಮೈಮೇಲಿತ್ತು. ಸತತ ನಾಲ್ಕನೇ ವಾರ. ಕಾರಣ ನನ್ನ ಅಣ್ಣ.

ನಮ್ಮದು ಒಂದೇ ಅಂಗಡಿ. ಅರ್ಧ ನನ್ನ ಕನ್ನಡಕ, ಅರ್ಧ ಅವನ ವಾಚ್ ರಿಪೇರಿ. ನಲವತ್ತು ವರ್ಷ ಸ್ಟೂಲಿನ ಮೇಲೆ ಕೂತು ಅವನ ಕಾಲು ಕಡ್ಡಿಯಾಗಿದ್ದವು. ನಡೆಯದಿದ್ದರೆ ಕಷ್ಟ ಎಂದು ಡಾಕ್ಟರು ಹೆದರಿಸಿದ ಮೇಲೆ, "ಪುಟ್ಟಾ, ನಾನೂ ಬರ್ತೀನೋ" ಎಂದು ದುಂಬಾಲು ಬಿದ್ದ. ಕರೆದುಕೊಂಡು ಹೋದೆ. ಬೇಲಿ ಮೇಲಿನ ಓತಿಕ್ಯಾತವನ್ನು ನಾನೇ ಎತ್ತಿ ಹೆಗಲಿಗೆ ಬಿಟ್ಟುಕೊಂಡಂತಾಯಿತು.

ಗುಂಪಿನಲ್ಲಿ ನಿಧಾನಸ್ಥನಾಗಿ ನಡೆಯುವುದು ಎಂಥ ನರಕ ಎಂದು ಮುಂದಿರುವವರಿಗೆ ಗೊತ್ತಿಲ್ಲ. ಅವರು ಮರದ ನೆರಳಲ್ಲಿ ಕಾಲು ಚಾಚಿ, ಬಿಸ್ಕತ್ತು ತಿಂದು ಕಾಯುತ್ತಾರೆ. ಅಣ್ಣ ಏದುಸಿರು ಬಿಡುತ್ತಾ ಬಂದು ನಿಂತನೋ ಇಲ್ಲವೋ, ಮೇಷ್ಟ್ರು, "ಬಂದ್ರಾ? ಸರಿ, ಏಳಿ ಎಲ್ಲರೂ" ಎನ್ನುತ್ತಾರೆ. ಗಟ್ಟಿಮುಟ್ಟಾದವರಿಗೆ ಹತ್ತು ನಿಮಿಷ ವಿಶ್ರಾಂತಿ, ಸುಸ್ತಾದವನಿಗೆ ಒಂದು ಗುಟುಕು ನೀರಿಗೂ ಪುರುಸೊತ್ತಿಲ್ಲ. ಅವನ ಜೊತೆಗಿರುವ ತಪ್ಪಿಗೆ ನನಗೂ ಅದೇ ಶಿಕ್ಷೆ.

ಹಿಂದಿನ ವಾರ ಅವನಿಂದಾಗಿ ಎಲ್ಲರಿಗೂ ನಾಲ್ಕು ಗಂಟೆಯ ಬಸ್ಸು ತಪ್ಪಿತ್ತು. ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದು, "ನೋಡ್ರಿ ಕನ್ನಡಕ, ಇನ್ನೊಂದು ಸಲ ಹೀಗಾದ್ರೆ ನೀವಿಬ್ಬರೂ ಮನೇಲೇ ಇದ್ದುಬಿಡಿ" ಎಂದಿದ್ದರು. ವಾರವೆಲ್ಲ ಬೇರೆಯವರ ಕಣ್ಣು ನೋಡಿ ಬದುಕುವ ನನಗೆ ಆ ಗುಂಪೊಂದೇ ಸುಖ.

ಅಣ್ಣನ ಭಾರ ಇಳಿಯಲೆಂದು ಅವನ ಚೀಲವನ್ನು ನಾನೇ ಹೊತ್ತಿದ್ದೆ. ಬೆಟ್ಟದ ತುದಿಗೆ ಅರ್ಧ ಮೈಲಿ ಇರುವಾಗ ಅವನು ಮತ್ತೆ ನಿಂತ. ಮೇಲಿನಿಂದ ನಗು ಕೇಳಿಸಿತು. ಫೋಟೋ ತೆಗೆಯುತ್ತಿದ್ದರು. ಮೂರು ವಾರದಿಂದ ನಾನು ಯಾವ ಫೋಟೋದಲ್ಲೂ ಇಲ್ಲ.

"ಪುಟ್ಟಾ, ಒಂದೇ ನಿಮಿಷ ಕಣೋ."

"ನಿಂದು ಒಂದು ನಿಮಿಷ ಅಂದ್ರೆ ಯಾವ ವಾಚಿಂದು? ಕೆಟ್ಟಿರೋದಾ?"

ಅವನು ನಕ್ಕ. ಆ ನಗು ಕಂಡು ನನಗೆ ಮೈ ಉರಿಯಿತು.

"ನೀನು ಇದೇ ದಾರೀಲಿ ಮುಂದೆ ಹೋಗ್ತಿರು. ನಾನು ಒಂದಕ್ಕೆ ಹೋಗಿ ಬರ್ತೀನಿ. ಹಿಂದೇನೇ ಇರ್ತೀನಿ" ಎಂದೆ.

"ಬೇಗ ಬಾ. ಜಾರುತ್ತೆ, ಜೋಪಾನ" ಎಂದ.

ಅವನು ತಿರುವು ದಾಟಿದ್ದೇ ತಡ, ಬಂಡೆಗಳ ನಡುವಿನ ಕಡಿದಾದ ಒಳದಾರಿ ಹಿಡಿದು ನೆಟ್ಟಗೆ ಮೇಲೆ ಹತ್ತಿದೆ. ಫೋಟೋ ತೆಗೆಸಿಕೊಂಡು ಅವನಿಗಾಗಿ ಅಲ್ಲೇ ಕಾಯುತ್ತೇನೆ ಎಂದುಕೊಂಡಿದ್ದೆ. ಇದು ಸುಳ್ಳಲ್ಲ. ಆದರೆ ಜಾಕೆಟ್ಟಿನ ಬಣ್ಣ ಕಂಡದ್ದೇ ಮೇಷ್ಟ್ರು ಚಪ್ಪಾಳೆ ತಟ್ಟಿದರು.

"ಭೇಷ್! ಇವತ್ತು ಹೊತ್ತಿಗೆ ಮುಂಚೆ ಬಾಲಂಗೋಚಿ ಬಂತು. ಆಚೆ ಬದಿಯಿಂದ ಇಳಿಯೋಣ, ಬಸ್ಸು ಸಿಗುತ್ತೆ."

ಹನ್ನೊಂದು ಜನರಲ್ಲಿ ಒಬ್ಬರಾದರೂ ಕೇಳಬಹುದಿತ್ತು. ಯಾರೂ ಕೇಳಲಿಲ್ಲ. ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ಹೇಳಿದರೆ ಬಸ್ಸು ಹೋಯಿತು, ಗುಂಪೂ ಹೋಯಿತು. ಅಣ್ಣನೇನು ಎಳೆಮಗುವೇ, ಎದ್ದು ಕಾಣುವ ದಾರಿ, ಇಳಿದು ಬರುತ್ತಾನೆ ಎಂದುಕೊಂಡೆ. ತುಟಿ ಪಿಟಕ್ಕೆನ್ನದೆ ಇಳಿದೆ. ಇಳಿಯುವ ಮುಂಚೆ ತೆಗೆದ ಫೋಟೋದಲ್ಲಿ ನಾನು ನಡುವೆ ನಿಂತಿದ್ದೇನೆ, ಹಲ್ಲು ಕಿರಿದುಕೊಂಡು.

ನಾವಿರುವುದು ಒಂದೇ ಮನೆಯಲ್ಲಿ. ಅತ್ತಿಗೆ ಬಾಗಿಲು ತೆರೆದು ನನ್ನ ಬೆನ್ನ ಹಿಂದೆ ನೋಡಿದರು.

"ನಿಮ್ಮಣ್ಣ ಎಲ್ಲಪ್ಪ?"

"ಮುಂದಿನ ಬಸ್ಸಿಗೆ ಬರ್ತಾನೆ."

ಮುಂದಿನ ಬಸ್ಸು ಇರಲಿಲ್ಲ. ಅತ್ತಿಗೆ ನನಗೆ ಬಡಿಸಿ, ಅವನ ಪಾಲನ್ನು ಮುಚ್ಚಿಟ್ಟರು. ನಾನು ಹೊಟ್ಟೆ ತುಂಬಾ ಉಂಡೆ. ಕತ್ತಲಾದ ಮೇಲೆ ಅವರು ಅಣ್ಣನಿಗೆ ಫೋನ್ ಮಾಡಿದರು. ಗೋಡೆಯ ಮೊಳೆಗೆ ನಾನು ತೂಗುಹಾಕಿದ್ದ ಅಣ್ಣನ ಚೀಲದೊಳಗೆ ಅದು ರಿಂಗಾಯಿತು. ಅತ್ತಿಗೆ ಚೀಲವನ್ನೇ ನೋಡುತ್ತಾ, ಅದು ತಾನಾಗಿ ನಿಲ್ಲುವವರೆಗೂ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.

ಬೆಳಗ್ಗೆ ಕುರಿ ಕಾಯುವವನೊಬ್ಬ ಅವನನ್ನು ಕೊರಕಲಿನಲ್ಲಿ ಕಂಡ. ಸೊಂಟದ ಮೂಳೆ ಮುರಿದಿತ್ತು. ಇನ್ನು ನಡೆಯುವುದು ಕನಸಿನ ಮಾತು ಎಂದು ಆಸ್ಪತ್ರೆಯಲ್ಲಿ ಹೇಳಿದರು. ನಾನು ವಾರ್ಡಿಗೆ ಹೋದಾಗ ಮಂಚದ ಒಂದು ಕಡೆ ಅತ್ತಿಗೆ, ಇನ್ನೊಂದು ಕಡೆ ಮೇಷ್ಟ್ರು ನಿಂತಿದ್ದರು. ಕೂಗಿ ಕೂಗಿ ಅಣ್ಣನ ಗಂಟಲು ಹೋಗಿತ್ತು. ನನ್ನನ್ನು ಕಂಡದ್ದೇ ಅವನ ಕಣ್ಣಲ್ಲಿ ನೀರು ತುಂಬಿತು.

"ಸದ್ಯ, ಸಿಕ್ಕಿದೆಯಲ್ಲೋ ಪುಟ್ಟಾ! ಎಲ್ಲಿ ಬಿದ್ದಿದ್ದೆ?"



ಅವನು ಮೇಷ್ಟ್ರ ಕಡೆ ತಿರುಗಿದ. "ನಾನು ತುದಿ ತಲುಪಿಬಿಟ್ಟೆ ಸಾರ್! ನೋಡಿದ್ರೆ ನೀವ್ಯಾರೂ ಇಲ್ಲ. ನೀವು ಹೋಗಿದ್ರೂ ಪರವಾಗಿಲ್ಲ, ಜಾಕೆಟ್ ನನ್ನ ಹಿಂದೆ ಇದೆ ಅಂತ ಕೂತೆ. ಎಷ್ಟು ಹೊತ್ತಾದ್ರೂ ಇವನು ಬರ್ಲಿಲ್ಲ. ಇವನು ನನ್ನ ಬಿಟ್ಟು ಮುಂದೆ ಹೋಗೋನಲ್ಲ, ಎಲ್ಲೋ ಜಾರಿ ಬಿದ್ದಿದಾನೆ ಅಂತ ವಾಪಸ್ ಇಳಿದೆ. ಒಂದೊಂದೇ ಪೊದೆ ನೋಡ್ತಾ."

ನಿನ್ನೆ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದ ಮೇಷ್ಟ್ರು ಕಿಟಕಿಯ ಕಡೆ ನೋಡಿದರು.

"ದಾರಿ ತಪ್ಪಿತ್ತು ಅಣ್ಣ" ಎಂದೆ.

"ಹೋಗಲಿ ಬಿಡು. ಜೀವ ಉಳೀತಲ್ಲ." ಅವನು ಅತ್ತಿಗೆಯ ಸೆರಗು ಹಿಡಿದು ಎಳೆದ. "ಇವನಿಗೆ ಮೊದಲು ತಿನ್ನೋಕೆ ಏನಾದ್ರೂ ಕೊಡೇ. ಪಾಪ, ನಿನ್ನೆಯಿಂದ ಉಪವಾಸ ಇದಾನೆ."

ಅತ್ತಿಗೆ ಡಬ್ಬಿ ತೆರೆದರು. ನಿನ್ನೆ ಮುಚ್ಚಿಟ್ಟಿದ್ದ ಪಾಲು ಹಾಗೇ ಇತ್ತು. ಅದನ್ನು ನನ್ನ ಕೈಗಿಟ್ಟು, "ತಿನ್ನಪ್ಪ" ಎಂದರು. ನಾನು ಕೊನೆಯ ತುತ್ತು ನುಂಗುವವರೆಗೂ ಎದುರಿಗೇ ನಿಂತಿದ್ದರು.