ದೋಣಿ ಟ್ರಾಲಿಯ ಬೋಲ್ಟು

ಹುಮನಾಬಾದ್ ಇನ್ನೇನು ಬಂತು ಎನ್ನುವಲ್ಲಿ ರಸ್ತೆ ಇಳಿಜಾರಾಗುತ್ತದೆ. ಆ ಇಳಿಜಾರಿನಲ್ಲಿ ಶೇರ್ ಆಟೊ ಒಂದು ಜನರನ್ನು ಇಳಿಸಲು ನಡುರಸ್ತೆಯಲ್ಲೇ ನಿಂತುಬಿಟ್ಟಿತು. ಅಜೀತ ಬ್ರೇಕ್ ತುಳಿದದ್ದನ್ನು ಪಕ್ಕದಲ್ಲಿ ಕೂತಿದ್ದ ಪ್ರಣಿತಾ ಕಣ್ಣಾರೆ ಕಂಡಳು. ಪಿಕಪ್ ಗಾಡಿ ನಿಲ್ಲುವುದರಲ್ಲಿತ್ತು. ಅಷ್ಟರಲ್ಲಿ ಹಿಂದಿನಿಂದ ಯಾರೋ ಒದ್ದ ಹಾಗೆ ಅದು ಮತ್ತೆ ಮುಂದಕ್ಕೆ ನುಗ್ಗಿತು. ಅಜೀತ ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ಎಳೆದ. ಗಾಡಿ, ಅದರ ಹಿಂದಿನ ಟ್ರಾಲಿ, ಟ್ರಾಲಿಯ ಮೇಲಿನ ದೋಣಿ, ಮೂರೂ ತೊಗರಿ ಹೊಲಕ್ಕಿಳಿದು ಕರಿಮಣ್ಣಿನಲ್ಲಿ ಹೂತು ನಿಂತವು.

ಯಾರಿಗೂ ಪೆಟ್ಟಾಗಲಿಲ್ಲ. ದೋಣಿಯ ಮೂತಿ ಮಾತ್ರ ಪಿಕಪ್ಪಿನ ಹಿಂಬದಿಗೆ ಬಡಿದು ಗೇಣುದ್ದ ಸೀಳಿತ್ತು. ಅಜೀತ ಕೆಳಗಿಳಿದವನು ಬಾಗಿಲನ್ನು ಹಿಡಿದುಕೊಂಡೇ ನಿಂತ.

"ವೈನಿ, ನಾ ಪೂರಾ ಬ್ರೇಕ್ ಹೊಡದೀನಿ," ಎಂದ ಅತ್ತಿಗೆಗೆ. "ಗಾಡಿ ನಿಂತದ. ಟ್ರಾಲಿ ನಿಂತಿಲ್ಲ."

ಆ ಗಳಿಗೆಯಲ್ಲಿ ಪ್ರಣಿತಾಳ ಕಣ್ಣ ಮುಂದೆ ಬಂದದ್ದು ಗುರುನಾಥನ ಮುಖ.

ಬಸವಕಲ್ಯಾಣದ ಹೊರಗಿನ ಕೆರೆಯಲ್ಲಿ ಜನರನ್ನು ದೋಣಿಯಲ್ಲಿ ಸುತ್ತಾಡಿಸುವ ಗುತ್ತಿಗೆ ಮೊದಲು ಗುರುನಾಥನದಾಗಿತ್ತು. ಹೊಲ, ಅಂಗಡಿ, ಊರಿನಲ್ಲಿ ನಾಲ್ಕು ಜನ ಎದ್ದು ನಿಲ್ಲುವಂಥ ಹೆಸರು, ಎಲ್ಲವೂ ಇದ್ದ ಮನುಷ್ಯ. ಹೋದ ವರ್ಷ ಗುತ್ತಿಗೆ ಪ್ರಣಿತಾಳ ಕೈಗೆ ಬಂದಾಗ, ಅವರ ಓಣಿಯ ಮಂದಿಗೆ ದೋಣಿ ಯಾತಕ್ಕೆ ಎಂದು ಚಹಾದ ಹೋಟೆಲುಗಳಲ್ಲಿ ಆಡಿಕೊಂಡದ್ದು ಆಕೆಯ ಕಿವಿಗೂ ಬಿದ್ದಿತ್ತು. ದೋಣಿಯನ್ನೂ ಅದನ್ನು ಹೊರುವ ಟ್ರಾಲಿಯನ್ನೂ ಹೈದರಾಬಾದಿನಲ್ಲಿ ಯಾರೋ ಬಳಸಿ ಬಿಟ್ಟದ್ದನ್ನು ಕೊಂಡು ತಂದಿದ್ದರು. ಮೀನುಗಾರರು ಕರೆದರೆ ಹುಮನಾಬಾದಿನ ಆಚೆಯ ಜಲಾಶಯಕ್ಕೂ ಅದನ್ನು ಒಯ್ಯುತ್ತಿದ್ದರು. ಅಂದೂ ಅಲ್ಲಿಗೇ ಹೊರಟಿದ್ದರು. ಗಾಡಿ ಓಡಿಸುವುದು, ದೋಣಿಯನ್ನು ನೀರಿಗೆ ಇಳಿಸುವುದು ಮೈದುನ ಅಜೀತನ ಕೆಲಸ. ಗಂಡ ಸಮ್ಯಕನಿಗೆ ಪೇಟೆಯಲ್ಲಿ ಬೋರಿನ ಮೋಟಾರು ರಿಪೇರಿಯ ಅಂಗಡಿ. ದೋಣಿಯನ್ನು ತನಗೇ ಕೊಟ್ಟುಬಿಡಿ ಎಂದು ಗುರುನಾಥ ಹೇಳಿ ಕಳಿಸಿದ್ದ, ಪ್ರಣಿತಾ ಆಗುವುದಿಲ್ಲ ಎಂದಿದ್ದಳು. ಅದಾದ ಮೇಲೆ ಎದುರು ಸಿಕ್ಕರೂ ಅವನು ನಗುವುದನ್ನು ಬಿಟ್ಟಿದ್ದ.

ಯಾರದೋ ಟ್ರ್ಯಾಕ್ಟರು ಬಂದು ಎಲ್ಲವನ್ನೂ ಹೊಲದಿಂದ ಎಳೆದು ಹಾಕಿತು. ಟ್ರಾಲಿಯನ್ನು ಹುಮನಾಬಾದಿನ ಸರ್ಫರಾಜನ ಗ್ಯಾರೇಜಿಗೆ ತಂದರು. ಕಬ್ಬಿನ ಟ್ರಾಲಿಗಳ ಕೆಲಸದಲ್ಲಿ ಪಳಗಿದ ಕೈ ಅವನದು. ಅವನು ಟ್ರಾಲಿಯ ಒಂದು ಗಾಲಿಯನ್ನು ಜಾಕಿನಿಂದ ಎತ್ತಿ, ಕೈಯಲ್ಲಿ ತಿರುಗಿಸಿ ಬಿಟ್ಟ. ಆಮೇಲೆ ಉದ್ದನೆಯ ಕಬ್ಬಿಣದ ಸಲಾಕೆಯಿಂದ ಟ್ರಾಲಿಯ ಮೂತಿಯನ್ನು ಹಿಂದಕ್ಕೆ ಒತ್ತಿದ. ಗಾಲಿ ತನ್ನ ಪಾಡಿಗೆ ತಾನು ತಿರುಗುತ್ತಲೇ ಇತ್ತು.

"ಇದಕ್ಕ ಪೆಡಲ್ ಇಲ್ರಿ ಅಕ್ಕಾ," ಎಂದ. "ಟ್ರಾಲಿ ಮುಂದಕ್ಕ ನೂಕ್ತದಲ್ಲ, ಆ ನೂಕೇ ಇದರ ಬ್ರೇಕ್."

ಮುಂದಿನ ಗಾಡಿ ನಿಧಾನವಾದರೆ ಟ್ರಾಲಿ ತನ್ನ ಭಾರಕ್ಕೆ ತಾನೇ ಮುಂದಕ್ಕೆ ಬರುತ್ತದೆ, ಆಗ ಮೂತಿಯ ತುಂಡು ಒಳಕ್ಕೆ ಸರಿದು ಎಣ್ಣೆಯನ್ನು ಒತ್ತುತ್ತದೆ, ಎಣ್ಣೆ ಹೋಗಿ ಗಾಲಿಯನ್ನು ಹಿಡಿಯುತ್ತದೆ ಎಂದು ಅವನು ಬಿಡಿಸಿ ಹೇಳಿದ. ಹಿಂದಕ್ಕೆ ತೆಗೆದುಕೊಳ್ಳುವಾಗಲೂ ಅದೇ ಆಗುವುದರಿಂದ ಗಾಲಿ ಬಿಗಿದು ನಿಲ್ಲುತ್ತದೆ. ಅದಕ್ಕೆಂದೇ ಮೂತಿಯ ಪಕ್ಕದಲ್ಲಿ ಒಂದು ತೂತು ಇದೆ. ಆ ತೂತಿಗೆ ಪಿನ್ ಹಾಕಿದರೆ ಮೂತಿ ಸರಿಯುವುದಿಲ್ಲ, ಬ್ರೇಕೂ ಹಿಡಿಯುವುದಿಲ್ಲ. ಮುಂದಕ್ಕೆ ಹೊರಡುವ ಮೊದಲು ಪಿನ್ನನ್ನು ಕಿತ್ತಿಡಲೇಬೇಕು. ಹೀಗೆ ಹೇಳುತ್ತ ಸರ್ಫರಾಜ ಬಗ್ಗಿ ಧೂಳನ್ನು ಒರೆಸಿದ. ತೂತಿನಲ್ಲಿ ಒಂದು ಬೋಲ್ಟು ಕೂತಿತ್ತು. ಹೊರಗೆ ಅದರ ತಲೆಯಷ್ಟೇ ಕಾಣುತ್ತಿತ್ತು.

ಅವನು ಅದನ್ನು ಬಡಿದು ತೆಗೆದು ಅಂಗೈ ಮೇಲಿಟ್ಟುಕೊಂಡ.

"ಇದು ತಾನಾಗಿ ಬಂದು ಕುಂತಿದ್ದಲ್ಲ. ಯಾರೋ ಹಾಕ್ಯಾರ. ಗ್ರೀಸ್ ಹಚ್ಚಿ ಹಾಕ್ಯಾರ ನೋಡ್ರಿ, ಕೆಲಸ ಬಲ್ಲವರೇ."

ಅಜೀತ ಓಡಿಹೋಗಿ ಪಿಕಪ್ಪಿನ ಡಬ್ಬಿಯಿಂದ ತನ್ನ ಪಿನ್ನನ್ನು ತಂದು ತೋರಿಸಿದ. ತಾನು ಬಳಸುವುದು ಇದೊಂದನ್ನೇ, ಆ ಬೋಲ್ಟನ್ನು ತಾನು ಕಂಡೇ ಇಲ್ಲ ಎಂದ. ಎಷ್ಟು ಬೇಗ ತಂದ, ಎಂದು ಪ್ರಣಿತಾಳಿಗೆ ಅನಿಸಿತು. ಹಾಗೆ ಅನಿಸಿದ್ದಕ್ಕೆ ನಾಚಿಕೆಯೂ ಆಯಿತು. ಆದರೆ ಅನಿಸಿಕೆ ಹೋಗಲಿಲ್ಲ.

ಸರ್ಫರಾಜ ಅಷ್ಟಕ್ಕೇ ಬಿಡಲಿಲ್ಲ. ಬೋಲ್ಟು ತೆಗೆದ ಮೇಲೂ ಎಡಗಾಲಿ ಸರಿಯಾಗಿ ಹಿಡಿಯುತ್ತಿರಲಿಲ್ಲ. ಡ್ರಮ್ ಬಿಚ್ಚಿದರೆ ಒಳಗೆಲ್ಲ ತುಕ್ಕು, ಎಣ್ಣೆ ಸೋರಿ ಬ್ರೇಕಿನ ಪಟ್ಟಿ ನೆನೆದು ಹೋಗಿತ್ತು. ಉಳಿದ ಎಣ್ಣೆಯಲ್ಲಿ ನೀರು ಸೇರಿ ಅದು ಚಹಾದ ಬಣ್ಣಕ್ಕೆ ತಿರುಗಿತ್ತು. ದೋಣಿ ಇಳಿಸುವಾಗಲೆಲ್ಲ ಗಾಲಿ ಕೆರೆಯಲ್ಲಿ ಮುಳುಗುತ್ತವೆ, ಮೇಲೆ ಬಂದ ಕೂಡಲೇ ಒಳ್ಳೆಯ ನೀರಿನಲ್ಲಿ ತೊಳೆಯಬೇಕು, ಎಣ್ಣೆಯನ್ನು ಆಗಾಗ ಬದಲಿಸಬೇಕು ಎಂದ. ಅಜೀತ ತಲೆ ತಗ್ಗಿಸಿದ. ತೊಳೆಯುವ ಕೆಲಸ ಅವನದೇ ಆಗಿತ್ತು. ಅದನ್ನೂ ಪ್ರಣಿತಾ ಮನಸ್ಸಿನಲ್ಲಿ ಇಟ್ಟುಕೊಂಡಳು.

ಟ್ರಾಲಿಯನ್ನು ಅಲ್ಲೇ ಬಿಟ್ಟು, ದೋಣಿಯನ್ನು ಟೆಂಪೊದಲ್ಲಿ ಮನೆಗೆ ತಂದರು. ಬೋಲ್ಟು ಪ್ರಣಿತಾಳ ಚೀಲದಲ್ಲಿ ಬಂತು. ಮರುದಿನ ಓಣಿಯವರೆಲ್ಲ ಅದನ್ನು ನೋಡಲು ಬಂದರು. ಒಬ್ಬೊಬ್ಬರೂ ಕೈಯಲ್ಲಿ ಹಿಡಿದು ತಿರುಗಿಸಿ, ತೂಗಿ, ಗುರುನಾಥನ ಹೆಸರನ್ನು ಬಾಯಿ ಬಿಟ್ಟು ಹೇಳದೆಯೇ ಅವನ ಮನೆಯ ಕಡೆ ನೋಡಿದರು. ಅತ್ತೆ ಕಮಳಾಬಾಯಿ ಅಂತೂ ಅದನ್ನು ಮನೆಯೊಳಗೆ ಇಡಲೇ ಬೇಡ ಎಂದರು.

ಆದರೆ ಗುರುನಾಥನ ಆಳು ಯಾರೇ ಆಗಲಿ, ಕಟ್ಟಿದ ನಾಯಿಯನ್ನು ದಾಟಿ ಅಂಗಳಕ್ಕೆ ಬಂದು, ಆ ತೂತನ್ನು ಹುಡುಕಿ, ಗ್ರೀಸ್ ಹಚ್ಚಿ ಬೋಲ್ಟು ಕೂಡಿಸುವುದು ಹೇಗೆ ಎಂಬುದು ಪ್ರಣಿತಾಳ ತಲೆಯನ್ನು ಕೊರೆಯತೊಡಗಿತು. ತೂತು ಇರುವುದು ಗೊತ್ತಿದ್ದದ್ದು ಮನೆಯವರಿಗೆ. ಮನೆಯವರಲ್ಲಿ ಗಾಡಿಯ ಕೆಲಸ ಗೊತ್ತಿದ್ದದ್ದು ಅಜೀತನಿಗೆ.

ಅದರ ಮೇಲೆ ಇನ್ನೊಂದಾಯಿತು. ಮುಡಬಿಯಿಂದ ಆಟೊದಲ್ಲಿ ಬರುತ್ತಿದ್ದ ಪ್ರಣಿತಾ, ಹೆದ್ದಾರಿ ಕ್ರಾಸಿನ ಹೋಟೆಲಿನಲ್ಲಿ ಅಜೀತ ಕೂತು ಚಹಾ ಕುಡಿಯುತ್ತಿದ್ದುದನ್ನು ಕಂಡಳು. ಎದುರಿಗೆ ಗುರುನಾಥ. ಇಬ್ಬರೂ ತಲೆ ಹತ್ತಿರ ತಂದು ಮಾತಾಡುತ್ತಿದ್ದರು. ಸಂಜೆ ಎಲ್ಲಿಗೆ ಹೋಗಿದ್ದಿ ಎಂದು ಕೇಳಿದರೆ, ಟಯರ್ ನೋಡಲು ಹೋಗಿದ್ದೆ ಎಂದ.

ಅದು ಸುಳ್ಳೆಂದು ಆಕೆಗೆ ಗೊತ್ತಿತ್ತು. ಪಿಕಪ್ಪಿನ ಚಾವಿ ಕೊಡು, ತನಗೆ ಬೇಕಾಗಿದೆ ಎಂದಳು. ಅಜೀತ ಯಾಕೆ ಎಂದು ಕೇಳಲಿಲ್ಲ. ಚಾವಿಯನ್ನು ಆಕೆಯ ಮುಂದಿಟ್ಟು ಹೋದ. ಮರುದಿನದಿಂದ ಅವನು ಮನೆಯಲ್ಲಿ ಉಣ್ಣುವುದನ್ನು ಬಿಟ್ಟ.

ಆಕೆ ಇದನ್ನೆಲ್ಲ ಸಮ್ಯಕನ ಮುಂದೆ ಹೇಳಿಕೊಂಡಳು. ನಿಮ್ಮ ತಮ್ಮನೇ ಗುರುನಾಥನ ಜೊತೆ ಕೂಡಿರಬಹುದೇ ಎಂದು ಕೇಳಿದಳು. ಸಮ್ಯಕ ತಾಟಿನಲ್ಲಿದ್ದ ರೊಟ್ಟಿಯನ್ನು ಮುರಿಯುತ್ತ, ಇದ್ದರೂ ಇರಬಹುದು ಎಂದ. ಅಷ್ಟೇ. ತಮ್ಮನ ಮೇಲೆ ಇಂಥ ಮಾತು ಬಂದರೆ ಎದ್ದು ಜಗಳವಾಡುವ ಮನುಷ್ಯ, ಈ ಸಲ ಹಾಗೆ ಅಂದದ್ದು ಆಕೆಗೆ ತನ್ನ ಅನುಮಾನಕ್ಕೆ ಸಾಕ್ಷಿಯಂತೆ ಕಂಡಿತು.

ಒಂದು ಮಧ್ಯಾಹ್ನ ಆಕೆ ಬುತ್ತಿ ತೆಗೆದುಕೊಂಡು ಗಂಡನ ಅಂಗಡಿಗೆ ಹೋದಳು. ಸಮ್ಯಕ ಒಂದು ಮೋಟಾರಿನ ಮುಚ್ಚಳ ಕೂಡಿಸುತ್ತಿದ್ದ. ಪ್ರತಿ ಬೋಲ್ಟನ್ನೂ ಗ್ರೀಸಿನ ಡಬ್ಬಿಯಲ್ಲಿ ಅದ್ದಿ, ಬೆರಳಿನಿಂದ ಸವರಿ, ಆಮೇಲೆ ತಿರುಗಿಸುತ್ತಿದ್ದ. ಮದುವೆಯಾದಂದಿನಿಂದ ಆಕೆ ನೋಡಿದ ಅಭ್ಯಾಸ ಅದು. ಅದನ್ನು ನೋಡುತ್ತ ನಿಂತಾಗ ಆಕೆಗೆ ಒಂದು ಸಂಗತಿ ಹೊಳೆಯಿತು. ಓಣಿಯವರೆಲ್ಲ ಆ ಬೋಲ್ಟನ್ನು ಕೇಳಿ ನೋಡಿದ್ದರು. ದಿನವೆಲ್ಲ ಬೋಲ್ಟಿನ ಜೊತೆಗೇ ಬದುಕುವ ಈ ಮನುಷ್ಯ ಒಮ್ಮೆಯೂ ಅದನ್ನು ತೋರಿಸು ಎಂದಿರಲಿಲ್ಲ.

ಬುತ್ತಿಯನ್ನು ಕೆಳಗಿಟ್ಟಳು.

"ಆ ಬೋಲ್ಟ್ ನಿಮ್ಮದೇನ್ರಿ?"

ಸಮ್ಯಕನ ಕೈಯಲ್ಲಿದ್ದ ಪಾನಾ ತಿರುಗುವುದು ನಿಂತಿತು. ಅವನು ಸುಳ್ಳು ಹೇಳಲಿಲ್ಲ. ಗಾಡಿ ಹೊಲಕ್ಕಿಳಿದ ಹಿಂದಿನ ದಿನ, ಅಜೀತ ಯಾರದೋ ಮದುವೆಗೆಂದು ನಿರ್ಣಾಕ್ಕೆ ಹೋಗಿದ್ದಾಗ, ಮಳೆ ಬರುವಂತಾಗಿತ್ತು. ದೋಣಿಯೊಳಗೆ ಮಳೆನೀರು ತುಂಬಬಾರದೆಂದು ಸಮ್ಯಕ ಪಕ್ಕದ ಮನೆಯವರ ಟ್ರ್ಯಾಕ್ಟರಿನಿಂದ ಟ್ರಾಲಿಯನ್ನು ಶೆಡ್ಡಿನೊಳಕ್ಕೆ ಹಿಂದಕ್ಕೆ ನೂಕಿಸಿದ. ಗಾಲಿ ಮತ್ತೆ ಮತ್ತೆ ಬಿಗಿದು ನಿಂತವು. ಅಜೀತ ಅಲ್ಲೆಲ್ಲೋ ಪಿನ್ ಹಾಕುವುದನ್ನು ನೋಡಿದ್ದ ನೆನಪಿತ್ತು. ಪಿನ್ ಸಿಗಲಿಲ್ಲ. ಜೇಬಿನಲ್ಲಿದ್ದ ಒಂದು ಬೋಲ್ಟು ಸರಿಯಾಗಿ ಕೂತಿತು, ಟ್ರಾಲಿ ಸರಾಗವಾಗಿ ಒಳಗೆ ಹೋಯಿತು. ತನ್ನ ಜಾಣತನಕ್ಕೆ ತಾನೇ ಖುಷಿಪಟ್ಟು, ಮಳೆಗೆ ಒಳಗೆ ಓಡಿ ಬಂದವನು ಅದನ್ನು ಪೂರ್ತಿ ಮರೆತ.

"ಅಜೀತನ ಹೆಸರು ಬಂದಾಗರೆ ಹೇಳಬೇಕಿತ್ತಲ್ಲ?"

"ನೀ ಆ ಗಾಡ್ಯಾಗ ಕುಂತಿದ್ದಿ," ಎಂದ ಸಮ್ಯಕ, ನೆಲ ನೋಡುತ್ತ. "ನಿನ್ನ ಜೀವಕ್ಕ ಏನರೆ ಆಗಿದ್ರ? ಹ್ಯಾಂಗ ಹೇಳಲಿ? ಇವತ್ತ ಹೇಳೂಣು, ನಾಳೆ ಹೇಳೂಣು ಅಂತ ಹಾಂಗೇ ಉಳೀತು."

ಪ್ರಣಿತಾಳಿಗೆ ಮೊದಲು ಎದೆಯ ಭಾರ ಇಳಿದಂತಾಯಿತು. ಮರುಗಳಿಗೆಗೆ ಸಿಟ್ಟು ಬಂತು. ಅದೂ ಇಳಿದ ಮೇಲೆ, ತನ್ನ ಚೀಲದಲ್ಲಿದ್ದ ಪಿಕಪ್ಪಿನ ಚಾವಿ ನೆನಪಾಗಿ ಆಕೆಗೆ ಅಲ್ಲಿ ನಿಲ್ಲಲಾಗಲಿಲ್ಲ. ಅಂಗಡಿ ಮುಚ್ಚಿ ಮನೆಗೆ ನಡೆಯಿರಿ, ಅಜೀತನಿಗೆ ನೀವೇ ಹೇಳಬೇಕು ಎಂದಳು.

ಅಜೀತ ಅಂಗಳದಲ್ಲಿ ದೋಣಿಯ ಸೀಳಿಗೆ ತೇಪೆ ಹಚ್ಚುತ್ತಿದ್ದ. ಚಾವಿ ಕಸಿದುಕೊಂಡರೂ ಆ ಕೆಲಸವನ್ನು ಅವನು ಬಿಟ್ಟಿರಲಿಲ್ಲ. ಸಮ್ಯಕ ನಿಂತುಕೊಂಡೇ ಎಲ್ಲವನ್ನೂ ಹೇಳಿದ. ತಮ್ಮ ಕೇಳಿಸಿಕೊಂಡ. ಕೈಗೆ ಹತ್ತಿದ ಅಂಟನ್ನು ಬಟ್ಟೆಯಿಂದ ಬಹಳ ಹೊತ್ತು ಒರೆಸಿದ. ಗಾಲಿ ತೊಳೆಯದೆ ಬಿಟ್ಟದ್ದು ತನ್ನದೂ ತಪ್ಪು ಎಂದು ಅಣ್ಣನಿಗೆ ಹೇಳಿದ. ಬಳಿಕ ಪ್ರಣಿತಾಳ ಕಡೆ ತಿರುಗಿದ.

"ವೈನಿ, ನೀವು ನನ್ನ ಮ್ಯಾಲ ಶಕ್ ಮಾಡಿದ್ರಿ."

"ಹೌದು ಅಜೀತ. ಮಾಡಿದೆ."

ಕ್ರಾಸಿನ ಹೋಟೆಲಿನಲ್ಲಿ ಕಂಡದ್ದನ್ನೂ ಆಕೆ ಮುಚ್ಚಿಡದೆ ಹೇಳಿದಳು. ಅಜೀತ ಒಪ್ಪಿಕೊಂಡ. ಗುರುನಾಥ ಬೇರೆ ಕಡೆ ಹೊಸ ದೋಣಿ ಇಳಿಸುವವನಿದ್ದ. ಓಡಿಸಲು ಬಾ ಎಂದು ಕರೆದಿದ್ದ. ನಾನು ಬರುವುದಿಲ್ಲ ಎಂದಿದ್ದೆ, ಹೇಳಿದರೆ ವೈನಿಗೆ ಬೇಸರವಾದೀತು ಎಂದು ಟಯರಿನ ಮಾತು ಆಡಿದೆ ಎಂದ.

"ಈಗ ಅವರ ಕಡೆ ಹೋಗ್ತೀನಿ," ಎಂದ ಸಮಾಧಾನದಿಂದಲೇ. "ಇನ್ನ ಮ್ಯಾಲ ನಾ ಬ್ರೇಕ್ ಹೊಡದಾಗೊಮ್ಮೆ ನಿಮ್ಮ ಮಾರಿ ನೋಡಬೇಕಾಗ್ತದ. ಅದು ಆಗಂಗಿಲ್ಲ ನನಗ."

ಬೇಡ ಎಂದು ಪ್ರಣಿತಾ ಎಷ್ಟೋ ಹೇಳಿದಳು. ಕಮಳಾಬಾಯಿ ಅತ್ತರು. ಅವನ ಮನಸ್ಸು ತಿರುಗಲಿಲ್ಲ. ಆದರೆ ವೈನಿ ಟ್ರಾಲಿ ಕಟ್ಟಿ ಗಾಡಿ ಓಡಿಸುವುದನ್ನು ಕಲಿಯುವವರೆಗೂ ತಾನು ಇರುವುದಾಗಿ ಒಪ್ಪಿದ. ಬರೀ ಪಿಕಪ್ ಓಡಿಸುವುದು ಆಕೆಗೆ ಬರುತ್ತಿತ್ತು.

ಇಬ್ಬರೂ ಟ್ರಾಲಿ ತರಲು ಹೋದಾಗ ಸರ್ಫರಾಜ ಹಳೆಯ ಎಣ್ಣೆಯನ್ನೆಲ್ಲ ಹೊರಹಾಕಿ, ಸೋರುವ ಭಾಗವನ್ನೂ ನೆನೆದ ಪಟ್ಟಿಯನ್ನೂ ಬದಲಿಸಿ, ಕೊಳವೆಯೊಳಗಿನ ಗಾಳಿ ತೆಗೆದು, ಮೂತಿಗೆ ಗ್ರೀಸ್ ತುಂಬಿದ್ದ. ಗಾಲಿ ಎತ್ತಿ ತಿರುಗಿಸಿ, ಸಲಾಕೆ ಪ್ರಣಿತಾಳ ಕೈಗೇ ಕೊಟ್ಟು ಒತ್ತಿಸಿದ. ಗಾಲಿ ಗಕ್ಕನೆ ನಿಂತಿತು. ವಾಪಸು ಬರುವಾಗ ಆಕೆಯೇ ಓಡಿಸಿದಳು. ಇಳಿಜಾರಿನ ಆಚೆ, ಬಯಲು ರಸ್ತೆಯಲ್ಲಿ, ಅಜೀತ ಬ್ರೇಕ್ ಹೊಡೆಯಲು ಹೇಳಿದ. ಹಿಂದಿನಿಂದ ಸಣ್ಣಗೆ ಒಮ್ಮೆ ನೂಕಿದಂತಾಗಿ, ಗಾಡಿಯೂ ಟ್ರಾಲಿಯೂ ಜೊತೆಗೇ ನಿಂತವು. ಮತ್ತೊಮ್ಮೆ ಎಂದ. ಮತ್ತೊಮ್ಮೆ ನಿಂತವು.

ಮುಂದಿನ ಕೆಲವು ದಿನ ಕೆರೆಯ ದಂಡೆಯಲ್ಲಿ ಹಿಂದಕ್ಕೆ ತೆಗೆಯುವುದನ್ನು ಕಲಿಸಿದ. ಆಮೇಲೆ ಒಂದು ಬೆಳಿಗ್ಗೆ ಬಟ್ಟೆಯ ಚೀಲ ಹಿಡಿದು ಹೊರಟ. ಪ್ರಣಿತಾ ಊಟಕ್ಕಾದರೂ ಬಾ ಎಂದಳು. ನೋಡುತ್ತೇನೆ ಎಂದ.

ಆ ದಿನ ಸಂಜೆ ಆಕೆ ಒಬ್ಬಳೇ ಟ್ರಾಲಿ ಮನೆಗೆ ತಂದಾಗ ಸಮ್ಯಕ ಓಡಿ ಬಂದು ಗೇಟು ತೆಗೆದ. ಶೆಡ್ಡಿನ ಮುಂದೆ ನಿಂತು, ಎಡಕ್ಕೆ ಬಲಕ್ಕೆ ಎಂದು ಕೈ ಮಾಡತೊಡಗಿದ. ಆಕೆ ಅವನ ಕೈ ನೋಡಲಿಲ್ಲ. ಕನ್ನಡಿಯನ್ನಷ್ಟೇ ನೋಡುತ್ತ, ತಪ್ಪಿದರೆ ಮುಂದೆ ಹೋಗಿ ಮತ್ತೆ ಹಿಂದೆ ಬಂದು, ಕೊನೆಗೂ ಒಳಗೆ ನಿಲ್ಲಿಸಿ, ತಾನೇ ಹಾಕಿದ್ದ ಪಿನ್ನನ್ನು ಕಿತ್ತು ಡಬ್ಬಿಯಲ್ಲಿಟ್ಟಳು.

ಆ ವಾರ ಅಜೀತ ಊಟಕ್ಕೆ ಬರಲಿಲ್ಲ. ಅದರ ಮುಂದಿನ ವಾರ ಬಂದ.