ಸೇತುವೆಗೆ ಮುಂಚಿನ ಎಂಟು ಆವರ್ತ

ಹಾಲಿಸ್ ಗ್ಯಾಡ್ಸ್‌ಡನ್ ಆ ದಿನ ಬೆಳಗಿನ ನಾಲ್ಕಕ್ಕೆ ಅಂಚೆ ಕಚೇರಿಗೆ ಹೋಗಿ, ಎಂಟು ತಾಸು ನಿಂತೇ ಕಾಗದ ವಿಂಗಡಿಸಿ, ಮನೆಗೆ ಓಡಿ ಬಂದು, ತನ್ನಷ್ಟೇ ಎತ್ತರದ ಬಾಸ್ ವಾದ್ಯವನ್ನು ಟ್ಯಾಕ್ಸಿಗೆ ತುರುಕಿ ಸ್ಟುಡಿಯೋ ಮುಟ್ಟಿದಾಗ ಮಧ್ಯಾಹ್ನ ಒಂದೂವರೆ. ಹಿಂದಿನ ರಾತ್ರಿಯೆಲ್ಲ ಚಿಕ್ಕ ಮಗನಿಗೆ ಕೆಮ್ಮು. ಹೆಂಡತಿ ಒಡೆಸ್ಸಾ ಒಂದು ಪಾಳಿ, ಅವನೊಂದು ಪಾಳಿ ಎಂದು ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಅಡ್ಡಾಡಿದ್ದರು. ಕಣ್ಣೊಳಗೆ ಮರಳು ಸುರಿದಂತಿತ್ತು.

ರೆಕಾರ್ಡ್ ಕಂಪನಿಯ ಫೆಲ್ಡರ್ ಬಾಗಿಲಲ್ಲೇ ಹಿಡಿದ.

"ಗ್ಯಾಡ್ಸ್‌ಡನ್, ಇವತ್ತಿಂದು ಚೆನ್ನಾಗಾದ್ರೆ ವರ್ಷವಿಡೀ ನಮ್ಮ ಕಂಪನೀಲಿ ಬಾಸ್ ನುಡಿಸೋನು ನೀನೇ. ವಾರಕ್ಕೆ ಎರಡು ರೆಕಾರ್ಡಿಂಗು ಖಾಯಂ. ಆ ಕಾಗದ ಹಂಚೋ ಕೆಲಸ ಬಿಟ್ಟುಬಿಡಬಹುದು." ಆಮೇಲೆ ದನಿ ತಗ್ಗಿಸಿದ. "ಮುದುಕನ ಮೇಲೊಂದು ಕಣ್ಣಿಟ್ಟಿರು. ಎರಡು ವರ್ಷ ಕ್ಷಯದ ಆಸ್ಪತ್ರೇಲಿದ್ದು ಬಂದಿದಾನೆ. ತಡ್ಕೋತಾನೋ ಇಲ್ವೋ ನನಗೆ ಅನುಮಾನ."

ಮುದುಕನೆಂದರೆ ಎಜ್ರಾ ಟಾಲಿವರ್. ಐವತ್ತೈದಾಗಿತ್ತು, ಆಸ್ಪತ್ರೆ ಅದಕ್ಕೆ ಇನ್ನೂ ಹತ್ತು ಸೇರಿಸಿತ್ತು. ಹಾಲಿಸ್ ಹತ್ತೊಂಬತ್ತರ ಹುಡುಗನಾಗಿ ಕೆರೊಲೈನಾದಿಂದ ಹಾರ್ಲೆಮ್ಮಿಗೆ ಬಂದಿಳಿದಾಗ ಮಲಗಲು ಜಾಗ ಕೊಟ್ಟವನು, ಬಾಸಿನ ತಂತಿಯ ಮೇಲೆ ತಾಳ ಹಿಡಿದು ನಡೆಯುವುದನ್ನು ಕಲಿಸಿದವನು ಅವನೇ. ಹಾಲಿಸ್ ಅವನನ್ನು ಇಂದಿಗೂ ಎಜ್ರಾ ಮಾವ ಎಂದೇ ಕರೆಯುತ್ತಿದ್ದ.

ಸ್ಟುಡಿಯೋ ಎಂದರೆ ಮಾರಿಹೋದ ಒಂದು ಹಳೆಯ ಚರ್ಚು. ಬೆಂಚುಗಳನ್ನು ಕಿತ್ತುಹಾಕಿ, ನಡುವೆ ನಾಲ್ವರನ್ನು ಕೈಚಾಚಿದರೆ ತಾಗುವಷ್ಟು ಹತ್ತಿರ ಕೂರಿಸುತ್ತಿದ್ದರು. ಒಂದೇ ಟೇಪು, ಅದಕ್ಕೆ ನಾಲ್ವರೂ ಒಟ್ಟಿಗೇ ನುಡಿಸಬೇಕು. ಅನ್ನಕ್ಕೆ ಸಾರು ಕಲಸಿದ ಮೇಲೆ ಬೇರ್ಪಡಿಸಲು ಬಂದೀತೆ? ಒಬ್ಬನ ತಪ್ಪು ನಾಲ್ವರ ತಪ್ಪು.

ಎಜ್ರಾ ಕೋಟು ಬಿಚ್ಚಿ ಕುರ್ಚಿಗೆ ನೇತುಹಾಕಿ ಸ್ಯಾಕ್ಸೊಫೋನು, ಅವರ ಬಾಯಲ್ಲಿ ಹಾರ್ನು, ಕೊರಳಿಗೆ ಹಾಕಿಕೊಂಡ. ಅದರ ಪಟ್ಟಿ ಈಗ ಎರಡು ತೂತು ಒಳಕ್ಕೆ ಸರಿದಿತ್ತು.

"ಮಾವ, ಹಾರ್ನು ನಿಮ್ಮನ್ನ ಹೊತ್ಕೊಂಡಿದೆಯೋ, ನೀವು ಹಾರ್ನನ್ನೋ?" ಎಂದ ಡ್ರಮ್ಮಿನ ಸ್ಕೀಟ್ಸ್.

"ಸರದಿ ಮೇಲಪ್ಪ. ಇವತ್ತು ಅದರ ಸರದಿ."

ಮೊದಲೆರಡು ಹಾಡು ಸಲೀಸಾಗಿ ಮುಗಿದವು. ಮೂರನೆಯದು ಎಜ್ರಾ ಆಸ್ಪತ್ರೆಯ ಹಾಸಿಗೆಯಲ್ಲಿ ಕಟ್ಟಿದ ನಿಧಾನಗತಿಯದು. ಅದರ ಚೌಕಟ್ಟು ಎಲ್ಲರೂ ಬಲ್ಲದ್ದೇ. ಎಂಟು ಆವರ್ತದ ಒಂದು ಸಾಲು, ಅದೇ ಸಾಲು ಮತ್ತೊಮ್ಮೆ, ಆಮೇಲೆ ಬೇರೆ ಬಣ್ಣದ ಎಂಟು ಆವರ್ತ, ಕೊನೆಗೆ ಮತ್ತೆ ಮೊದಲಿನ ಸಾಲು. ಆ ಬೇರೆ ಬಣ್ಣದ ಭಾಗವನ್ನು ಅವರೆಲ್ಲ ಸೇತುವೆ ಎನ್ನುತ್ತಿದ್ದರು. ಸುತ್ತಿ ಸುತ್ತಿ ನುಡಿಸುವಾಗ ಹಿಂದಿನ ಸುತ್ತಿನ ಕೊನೆಯ ಸಾಲು, ಮುಂದಿನ ಸುತ್ತಿನ ಮೊದಲೆರಡು ಸಾಲು, ಹೀಗೆ ಮೂರು ಒಂದೇ ಮುಖದವು ಸಾಲಾಗಿ ನಿಲ್ಲುತ್ತವೆ. ಎಚ್ಚರ ತಪ್ಪಿದವರು ಮುಳುಗುವುದು ಅಲ್ಲೇ.

ಫೆಲ್ಡರ್ ಗಾಜಿನಾಚೆಯಿಂದ ಬೆರಳೆತ್ತಿದ. ಕೆಂಪು ದೀಪ ಹತ್ತಿತು.

ಎಜ್ರಾ ಎರಡು ಸುತ್ತು ನುಡಿಸುವಷ್ಟರಲ್ಲಿ ಹಾಲಿಸ್‌ಗೆ ತಿಳಿದುಹೋಯಿತು, ಇಂಥದ್ದನ್ನು ತಾನು ಹತ್ತು ವರ್ಷದಿಂದ ಕೇಳಿಲ್ಲವೆಂದು. ಉಸಿರು ಕಡಿಮೆಯಿದ್ದುದರಿಂದಲೇ ಮಾವ ಒಂದೊಂದು ಸ್ವರವನ್ನೂ ಯೋಚಿಸಿ ಬಿಡುತ್ತಿದ್ದ; ಬಡವರ ಮನೆಯಾಕೆ ಸಕ್ಕರೆ ಹಾಕಿದ ಹಾಗೆ. ಹಾಲಿಸ್ ಕಣ್ಣು ಮುಚ್ಚಿದ. ಬೆರಳು ತಂತಿಯ ಮೇಲೆ ತಮ್ಮಷ್ಟಕ್ಕೆ ನಡೆಯುತ್ತಿದ್ದವು. ಮೂರನೆಯ ಸುತ್ತು ಶುರುವಾಗುವಲ್ಲಿ ತಲೆ ನಿದ್ರೆಗೆ ಜಾರಿತು. ಎಷ್ಟು ಹೊತ್ತು? ಒಂದು ಉಸಿರು, ಎರಡು ಉಸಿರು. ಎಚ್ಚರವಾದಾಗ ಬೆರಳು ಸಾಲಿನ ಕೊನೆಯಲ್ಲಿದ್ದವು. ಎರಡು ಸಲವೂ ಮುಗಿಯಿತು ಎಂದುಕೊಂಡ. ಸೇತುವೆ ಹತ್ತಿದ.

ಪಿಯಾನೋದ ಥರ್ಮನ್ ಬಾಸನ್ನು ನಂಬಿದವನು, ಹಿಂದೆಯೇ ಹತ್ತಿದ. ಸ್ಕೀಟ್ಸ್ ಕೂಡ. ಎಜ್ರಾ ಒಬ್ಬನೇ ಇನ್ನೂ ದಡದಲ್ಲಿ, ಅದೇ ಸಾಲನ್ನು ಎರಡನೆಯ ಸಲ ನುಡಿಸುತ್ತಿದ್ದ. ಎರಡು ಆವರ್ತ ಅಪಸ್ವರದಲ್ಲಿ ಉಜ್ಜಿದವು. ಎಜ್ರಾ ಕಣ್ಣು ತೆರೆದು ನೋಡಿದ. ಹಿಡಿದಿದ್ದ ಸ್ವರವನ್ನು ಅರ್ಧ ಮೆಟ್ಟಿಲು ಬಾಗಿಸಿ, ಬಿಟ್ಟುಹೋದ ರೈಲಿಗೆ ಓಡಿಬಂದು ಹತ್ತಿದವನಂತೆ, ಸೇತುವೆಯ ನಡುವೆ ಅವರನ್ನು ಕೂಡಿಕೊಂಡ. ಹಾಡು ಮುಗಿಯಿತು.

ಕೆಂಪು ದೀಪ ಆರಿದ ಮೇಲೆ ಸ್ಕೀಟ್ಸ್ ಕೋಲು ಕೆಳಗಿಟ್ಟು, "ನಾವು ಮೂರು ಜನ ನದಿ ದಾಟಿದ್ವಿ, ಮಾವ ಆಚೆ ದಡದಲ್ಲೇ ಮೀನು ಹಿಡೀತಾ ಕೂತುಬಿಟ್ರು" ಎಂದ.

ನಗು ಬಂತು. ಎಜ್ರಾ ಕೂಡ ನಕ್ಕ, ಗಲ್ಲದ ಮೇಲೆ ಕೈಯಿಟ್ಟುಕೊಂಡು.

ಟೇಪನ್ನು ಹಿಂದಕ್ಕೆ ತಿರುಗಿಸಿ ಹಾಕಿದರು. ಹಾಲಿಸ್ ಕೈಯನ್ನು ಪ್ಯಾಂಟಿನ ಜೇಬಿನೊಳಗಿಟ್ಟು ಬೆರಳು ಮಡಿಸಿದ. ಎರಡನೆಯ ಸುತ್ತಿನ ಕೊನೆಯ ಸಾಲು. ಮೂರನೆಯ ಸುತ್ತಿನ ಮೊದಲ ಸಾಲು. ಅಷ್ಟೇ. ತನ್ನ ಬಾಸು, ದಪ್ಪ ದನಿಯಲ್ಲಿ, ಯಾವ ಅನುಮಾನವೂ ಇಲ್ಲದೆ, ಸೇತುವೆ ಹತ್ತಿತು. ಎಂಟು ಆವರ್ತ ಮುಂಚೆ. ಮಿಕ್ಕವರು ಎಣಿಸಿರಲಿಲ್ಲ, ಎಣಿಸುವ ಅಗತ್ಯವೇನು? ಮೂವರು ಒಂದು ಕಡೆ, ಆಸ್ಪತ್ರೆಯಿಂದ ಬಂದವನೊಬ್ಬ ಇನ್ನೊಂದು ಕಡೆ.

"ಟಾಲಿವರ್ ಅವರೇ, ಮೂರರಲ್ಲಿ ಲೆಕ್ಕ ತಪ್ಪಿದ್ರಿ," ಎಂದ ಫೆಲ್ಡರ್, ಮಕ್ಕಳಿಗೆ ಹೇಳುವ ಮೆತ್ತನೆಯ ದನಿಯಲ್ಲಿ. "ಸುಸ್ತಾಗಿರಬೇಕು. ಕಾಫಿ ತರಿಸ್ತೀನಿ."

ಎಜ್ರಾ ಹಾಲಿಸ್ ಕಡೆ ತಿರುಗಿದ. "ನೀನು ಹೇಳಪ್ಪ. ನಿನ್ನ ತಾಳ ಯಾವತ್ತೂ ತಪ್ಪಲ್ಲ. ನಾನೇನಾ ತಪ್ಪಿದ್ದು?"

ಹೇಳಬಹುದಿತ್ತು. ಬಾಯಿ ಕೂಡ ತೆರೆದಿದ್ದ. ಗಾಜಿನಾಚೆ ಫೆಲ್ಡರ್ ತನ್ನನ್ನೇ ನೋಡುತ್ತಿದ್ದ. ಮನೆಯಲ್ಲಿ ಮೂರು ಮಕ್ಕಳು, ಬೆಳಗಿನ ನಾಲ್ಕು ಗಂಟೆಯ ಅಲಾರಂ.

"ಇರ್ಲಿ ಬಿಡಿ ಮಾವ," ಎಂದ. "ನಾವೆಲ್ಲ ಸೇರಿಸ್ಕೊಂಡ್ವಲ್ಲ."

ಸುಳ್ಳು ಹೇಳಿದ್ದರೆ ಅದೊಂದು ಪಾಪ. ಅವನು ಸುಳ್ಳಿಗೆ ಕರುಣೆಯ ಅಂಗಿ ತೊಡಿಸಿದ. ಎಜ್ರಾ ತಲೆಯಾಡಿಸಿ, "ನಿನ್ನ ಪುಣ್ಯ" ಎಂದ.

ಮತ್ತೆರಡು ಟೇಕು ಮಾಡಿದರು. ಎಜ್ರಾ ಈಗ ಕಾಲ್ಬೆರಳಿನಲ್ಲಿ ಎಣಿಸುತ್ತಿದ್ದ. ಶೂ ಒಳಗೆ ಬೆರಳು ಅಲ್ಲಾಡುವುದು ಹಾಲಿಸ್‌ಗೆ ಕಾಣುತ್ತಿತ್ತು. ಲೆಕ್ಕ ಸರಿಯಿತ್ತು, ಹಾಡು ಸತ್ತಿತ್ತು. ಕೊನೆಗೆ ಫೆಲ್ಡರ್, "ತಪ್ಪಿದ್ರೂ ಜೀವ ಇರೋದು ಮೊದಲನೇದರಲ್ಲೇ. ಅದನ್ನೇ ಹಾಕೋಣ" ಎಂದ. ಬಾಸನ್ನು ಚೀಲಕ್ಕೆ ತುಂಬುತ್ತಿದ್ದ ಹಾಲಿಸ್‌ನ ಬೆನ್ನು ತಟ್ಟಿ, "ನೀನಿದ್ದಿದ್ದಕ್ಕೆ ಉಳೀತು. ಅವನಿಗೆ ಇನ್ನೊಂದು ರೆಕಾರ್ಡು ಕೊಡೋ ಯೋಚನೆ ಇತ್ತು, ಈಗ ಧೈರ್ಯ ಇಲ್ಲ" ಎಂದ.

ಹಾಲಿಸ್ ಅಂಚೆ ಕಚೇರಿ ಬಿಟ್ಟ. ಬೆಳಿಗ್ಗೆ ಏಳರವರೆಗೆ ಮಲಗಿದ, ಮಕ್ಕಳ ಜೊತೆ ಕೂತು ತಿಂಡಿ ತಿಂದ. ಎಜ್ರಾ ವಿಷಯ ಮಾತ್ರ ಅಲ್ಲಿ ಇಲ್ಲಿ ಕಿವಿಗೆ ಬೀಳುತ್ತಿತ್ತು. ನೂರಿಪ್ಪತ್ತೈದನೇ ಬೀದಿಯ ಕ್ಲಬ್ಬಿನವನು ಒಪ್ಪಿಕೊಂಡಿದ್ದ ಒಂದು ವಾರದ ಕಾರ್ಯಕ್ರಮವನ್ನು ರದ್ದು ಮಾಡಿದನಂತೆ. ಲೆಕ್ಕ ಮರೆಯುವ ಮುದುಕ ಯಾರಿಗೆ ಬೇಕು, ಅಂದನಂತೆ. ಮಾವನನ್ನು ನೋಡಲು ಹೋಗಬೇಕೆಂದು ಹಾಲಿಸ್ ವಾರ ವಾರ ಅಂದುಕೊಂಡ. ಮಾವನ ಮನೆಯ ಬೀದಿ ಬಂದರೆ ಮಾತ್ರ ರಸ್ತೆ ದಾಟಿ ಆಚೆ ಬದಿಗೆ ನಡೆಯುತ್ತಿದ್ದ.

ಚಳಿ ಶುರುವಾಗುವ ಹೊತ್ತಿಗೆ ರೆಕಾರ್ಡು ಹೊರಬಂತು. ಸಂಜೆ ಅಡುಗೆಮನೆಯಲ್ಲಿ ಹನ್ನೊಂದು ವರ್ಷದ ಮಗಳು ಲೊರೆಟಾ ಅದರ ರಟ್ಟಿನ ಹೊದಿಕೆಯ ಹಿಂಬದಿ ಅಚ್ಚಾಗಿದ್ದುದನ್ನು ಶಾಲೆಯ ಪದ್ಯದಂತೆ ಗಟ್ಟಿಯಾಗಿ ಓದಿದಳು.

"'ಮೂರನೆಯ ಸುತ್ತಿನಲ್ಲಿ ಹಿರಿಯ ಟಾಲಿವರ್ ಒಂದು ಕ್ಷಣ ದಾರಿ ತಪ್ಪುತ್ತಾರೆ. ಯುವಕ ಗ್ಯಾಡ್ಸ್‌ಡನ್ ಅವರ ಸ್ಥಿರವಾದ ಬಾಸ್ ಅವರ ಕೈಹಿಡಿದು ಸೇತುವೆ ದಾಟಿಸುತ್ತದೆ.' ಅಪ್ಪಾ, ಇದು ನೀನೇ ಅಲ್ವಾ?"

"ಇನ್ನೊಂದ್ಸಲ ಓದೇ," ಎಂದಳು ಒಡೆಸ್ಸಾ, ಕೈ ಒರೆಸಿಕೊಳ್ಳುತ್ತ. ಪಕ್ಕದ ಮನೆಯವರನ್ನೂ ಕರೆದಳು. ಲೊರೆಟಾ ಇನ್ನೊಂದು ಸಲ ಓದಿದಳು.

"ನಾಳೆ ಶಾಲೆಗೆ ತಗೊಂಡು ಹೋಗ್ಲಾ? ಟಾಲಿವರ್ ತಾತ ದಾರಿ ತಪ್ಪಿದ್ರು, ನಮ್ಮಪ್ಪ ಕರ್ಕೊಂಡು ಬಂದ ಅಂತ ಟೀಚರ್‌ಗೆ ಹೇಳ್ತೀನಿ."

ಹಾಲಿಸ್ ತಟ್ಟೆ ಬದಿಗೆ ತಳ್ಳಿದ. "ಬೇಡ," ಎಂದ. ಮಗಳ ಕೈಯಿಂದ ರೆಕಾರ್ಡು ಕಿತ್ತುಕೊಂಡು ಬೀರುವಿನ ಮೇಲೆ ಎಸೆದ. ಅವಳ ಮುಖ ಸಣ್ಣದಾಯಿತು. ಅವಳು ಮಾಡಿದ ತಪ್ಪೇನು?

ಮರುದಿನ ಮಧ್ಯಾಹ್ನ ಎಜ್ರಾನ ಮನೆಗೆ ಹೋದ. ಮೂರನೆಯ ಮಹಡಿ. ಮೆಟ್ಟಿಲಲ್ಲೇ ಹಾರ್ನು ಕೇಳಿಸಿತು, ಅದೇ ಹಾಡು. ಅದರ ಜೊತೆ ಎಜ್ರಾನ ಹೆಂಡತಿ ವರ್ಲೀನಳ ದನಿ: "ಒಂದು... ಎರಡು... ಈಗ ಅಡ್ಡ... ನಾಲ್ಕು."

ಬಾಗಿಲು ತೆರೆದೇ ಇತ್ತು. ಎಜ್ರಾ ಮೇಜಿನ ಮುಂದೆ ಕೂತು ನುಡಿಸುತ್ತಿದ್ದ. ಎಂಟು ಆವರ್ತಕ್ಕೊಂದರಂತೆ ವರ್ಲೀನ್ ಬೆಂಕಿಕಡ್ಡಿ ಇಡುತ್ತಿದ್ದಳು. ಎರಡು ನೇರ, ಸೇತುವೆಗೊಂದು ಅಡ್ಡ, ಮತ್ತೊಂದು ನೇರ. ಮೇಜಿನುದ್ದಕ್ಕೂ ಅಂಥ ಸಾಲುಗಳು. ಮೂವತ್ತೈದು ವರ್ಷ ಬೆರಳೆಣಿಸದೆ ನುಡಿಸಿದವನು ಕಡ್ಡಿಗಳನ್ನು ನೋಡಿಕೊಂಡು ಊದುತ್ತಿದ್ದ.

"ಬಾರಪ್ಪ, ನನ್ನ ಕೈಹಿಡಿದು ದಾಟಿಸಿದವನೇ," ಎಂದ ಎಜ್ರಾ. ಕೊಂಕಿಲ್ಲದೆ ಅಂದ; ಅದೇ ಹಾಲಿಸ್‌ಗೆ ತಡೆಯಲಾಗದಾಯಿತು. "ಓದಿದೆ ನಾನೂ. ಚೆನ್ನಾಗಿ ಬರೆದಿದಾರೆ."

"ಕೂತ್ಕೋ. ಏನು ಇಳಿದುಹೋಗಿದೀಯಾ," ಎಂದಳು ವರ್ಲೀನ್. ಹುರಿದ ಕೋಳಿ, ಬೇಯಿಸಿದ ಸೊಪ್ಪು, ಜೋಳದ ಬ್ರೆಡ್ಡು ತಟ್ಟೆಗೆ ಹಾಕಿ ಮುಂದಿಟ್ಟಳು. ತಟ್ಟೆಗೆ ಜಾಗ ಮಾಡಲು ಕಡ್ಡಿಗಳನ್ನು ಹುಷಾರಾಗಿ ಪಕ್ಕಕ್ಕೆ ಸರಿಸಿದಳು.

ಒಂದು ತುತ್ತು ತಿಂದ. ಎರಡನೆಯದನ್ನು ತಟ್ಟೆಯಲ್ಲೇ ಬಿಟ್ಟ.

"ಮಾವ, ತಪ್ಪಿದ್ದು ನೀವಲ್ಲ. ನಾನು. ನಿದ್ದೆ ಹೋಗಿದ್ದೆ. ಎಂಟು ಆವರ್ತ ಮುಂಚೆ ಸೇತುವೆ ಹತ್ತಿದೆ, ಅವರಿಬ್ಬರು ನನ್ನ ಹಿಂದೆ ಬಂದ್ರು. ಸರಿಯಾಗಿದ್ದೋರು ನೀವೊಬ್ಬರೇ."

ಎಜ್ರಾ ಹಾರ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡ.

"ಯಾವಾಗ ಗೊತ್ತಾಯ್ತು?"

"ಅವತ್ತೇ. ಟೇಪು ಹಾಕಿದಾಗ."

"ನಾನು ಕೇಳಿದ್ನಲ್ಲ ನಿನ್ನ. ಆಗಲೋ?"

ಹಾಲಿಸ್ ತಟ್ಟೆ ನೋಡುತ್ತ, "ಆಗ್ಲೇ ಗೊತ್ತಿತ್ತು" ಎಂದ.

ಎಜ್ರಾ, ಯಾರೊಡನೆಯೂ ಅಲ್ಲದಂತೆ, ಹೇಳತೊಡಗಿದ. "ಆಸ್ಪತ್ರೆ ಔಷಧಿ ತಲೆಗೆ ಏರಿದೆ ಅಂದ್ಕೊಂಡೆ. ಮೊದಲು ಲೆಕ್ಕ ಹೋಗುತ್ತೆ, ಆಮೇಲೆ ಹೆಸರು ಹೋಗುತ್ತೆ ಅಂತ. ನಾನು ಇವಳ ಹೆಸರು ಮರೆತ ದಿನ ತಂಗಿ ಮನೆಗೆ ಹೋಗ್ಬಿಡು ಅಂತ ಇವಳಿಗೆ ಹೇಳಿಟ್ಟಿದ್ದೆ. ಆರು ತಿಂಗಳಾಯ್ತು. ದಿನಾ ಬೆಳಿಗ್ಗೆ ಎದ್ದ ತಕ್ಷಣ ಇವಳ ಹೆಸರು ಕೂಗ್ತೀನಿ. ಜ್ಞಾಪಕ ಇದೆಯಾ ಅಂತ ನೋಡೋಕೆ."

"ಮಾವ, ಮೂರು ಮಕ್ಕಳು..."

"ಅದನ್ನ ಹೇಳ್ಬೇಡ," ಎಂದಳು ವರ್ಲೀನ್. "ಮಕ್ಕಳ ಹಿಂದೆ ಅಡಗಬೇಡ. ಪಾಪ, ಅವಕ್ಕೇನು ಗೊತ್ತು." ಅವನ ಮುಂದಿನ ತಟ್ಟೆ ಎತ್ತಿಕೊಂಡಳು. "ಕೆಳಗೆ ಫೋನಿದೆ. ನಡಿ."

ಹಾಲಿಸ್ ಎಜ್ರಾನ ಮುಖ ನೋಡಿದ. ಎಜ್ರಾ ಅವನನ್ನು ನೋಡಲಿಲ್ಲ. ಮೇಜಿನ ಮೇಲಿನ ಕಡ್ಡಿಗಳನ್ನು ಒಂದೊಂದಾಗಿ ಪೊಟ್ಟಣಕ್ಕೆ ತುಂಬುತ್ತಿದ್ದ.

ಬಾಡಿಗೆದಾರರಿಗೆಲ್ಲ ಒಂದೇ ಫೋನು, ಕೆಳಗಿನ ಪಡಸಾಲೆಯಲ್ಲಿ. ವರ್ಲೀನ್ ಕೊನೆಯ ಮೆಟ್ಟಿಲಲ್ಲಿ ನಿಂತಳು. ಹಾಲಿಸ್ ನಾಣ್ಯ ಹಾಕಿ ರೆಕಾರ್ಡ್ ಕಂಪನಿಯ ನಂಬರು ತಿರುಗಿಸಿದ. ಫೆಲ್ಡರನೇ ಎತ್ತಿದ. ಹಾಲಿಸ್ ಉಸಿರು ಬಿಡದೆ ಎಲ್ಲವನ್ನೂ ಹೇಳಿದ.

ಆ ಕಡೆ ನಗು. "ಮುದುಕ ಪಕ್ಕದಲ್ಲೇ ನಿಂತಿದಾನಾ? ಪಾಪ. ಅವನಿಗೋಸ್ಕರ ತಪ್ಪು ಮೈಮೇಲೆ ಹಾಕ್ಕೋತಿದೀಯ. ನಿನ್ನ ಮನಸ್ಸು ದೊಡ್ಡದು ಗ್ಯಾಡ್ಸ್‌ಡನ್, ನಾನು ಆವತ್ತೇ ನೋಡಿದೆ. ಗುರುವಾರ ಎರಡು ಗಂಟೆ, ಮರೀಬೇಡ." ಫೋನು ಇಟ್ಟ.

"ಏನಂದ?" ಎಂದಳು ವರ್ಲೀನ್.

"ನಂಬ್ಲಿಲ್ಲ ಅತ್ತೆ. ಮಾವನ ಮೇಲಿನ ಪ್ರೀತಿಗೆ ಹೇಳ್ತಿದೀನಿ ಅಂದ್ಕೊಂಡ."

ಹೇಳುವಾಗ ಒಳಗೆಲ್ಲೋ ಒಂದು ಹಗುರ ಮೂಡಿತು. ಹೇಳಿದ್ದಾಯಿತಲ್ಲ, ನಂಬದಿದ್ದರೆ ತಾನೇನು ಮಾಡಲಿ. ಆ ಹಗುರವನ್ನು ಗುರುತು ಹಿಡಿದದ್ದೇ ಅವನ ಮುಖ ಬಿಸಿಯಾಯಿತು. ಅಂದು ಸ್ಟುಡಿಯೋದಲ್ಲಿ 'ಇರ್ಲಿ ಬಿಡಿ' ಎಂದಾಗ ಬಂದದ್ದೂ ಇದೇ.

ವರ್ಲೀನ್ ಏಪ್ರನ್ನಿನ ಜೇಬಿಗೆ ಕೈಹಾಕಿ ಹತ್ತು ಸೆಂಟಿನ ನಾಣ್ಯ ತೆಗೆದು ಚಾಚಿದಳು.

"ಇನ್ನೊಂದ್ಸಲ ಮಾಡು."

ಹಾಲಿಸ್ ನಾಣ್ಯ ಹಾಕಿದ. ಫೆಲ್ಡರ್ ಎತ್ತಿ, "ಮತ್ತೇನಪ್ಪ?" ಎಂದ.

"ಗುರುವಾರ ನಾನು ಬೇಕೋ ಬೇಡ್ವೋ ಆಮೇಲೆ ಹೇಳಿ," ಎಂದ ಹಾಲಿಸ್. "ಮೊದಲು ಆ ಟೇಪು ಹಾಕಿ. ನಾನು ಫೋನು ಇಡಲ್ಲ, ಕಾಯ್ತೀನಿ. ನಿಮ್ಮ ಹತ್ರ ಬೆಂಕಿಕಡ್ಡಿ ಇದೆಯಾ?"